ಕನ್ನಡದ ಕಣ್ವ ಬಿ. ಎಂ. ಶ್ರೀಕಂಠಯ್ಯನವರು

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ, ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಬೆಳಕನ್ನು ಕುರಿತ ಆ ಕನ್ನಡ ಗೀತವನ್ನು ಹಾಡದವರು ಯಾರೂ ಇರಲಾರರು. ಕತ್ತಲೆಯಲ್ಲಿ, ಮನೆಯಿಂದ ದೂರವಾದ ದಾರಿಗನೊಬ್ಬನು ಮುಂದಿನ ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕನ್ನು ಮಾತ್ರ ದೇವರಲ್ಲಿ ಬೇಡುವ ಗೀತವದು. ಅದು ಕನ್ನಡದಲ್ಲಿಯೇ ಹುಟ್ಟಿದುದೆಂದು ಮಕ್ಕಳು ನಂಬಿರುತ್ತಾರೆ. ಈ ನಂಬಿಕೆ ತಪ್ಪಾದರೂ, ಅದನ್ನು ಕನ್ನಡಕ್ಕೆ ತಂದವರಿಗೆ ಇದಕ್ಕಿಂತ ಮಿಗಿಲಾದ ಗೌರವ ಬೇರೊಂದಿಲ್ಲ. ಮೂಲಗೀತವನ್ನು ಜಾನ್ ಹೆನ್ರಿ ನ್ಯೂಮನ್ನರು 1833ರಲ್ಲಿ, ಸಿಸಿಲಿ ದ್ವೀಪದಲ್ಲಿ ಕಠಿನವಾದ ಜ್ವರದಿಂದ ಚೇತರಿಸಿಕೊಂಡು ಸ್ವದೇಶಕ್ಕೆ ಮರಳುವಾಗ, ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ ರಚಿಸಿದರು. ಅದಕ್ಕೆ ಕನ್ನಡದ ಉಸಿರನ್ನಿತ್ತವರು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು. ಹಾಡು ಎಲ್ಲರ ಬಾಯಲ್ಲಿದೆ. ಹಾಡನ್ನು ಕೊಟ್ಟವರ ಬಾಳು ಅನೇಕರಿಗೆ ತಿಳಿಯದು. ಅವರು ಜನಿಸಿದುದು ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ಎಂಬುದಂತೂ ಬಲ್ಲವರು ಇನ್ನೂ ಕಡಮೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸಲು ಮನಸ್ಸು ಮಾಡಿದ್ದೇನೆ.

ಶ್ರೀಕಂಠಯ್ಯನವರು 1884ನೆಯ ಇಸವಿ ಜನವರಿ 3ರಂದು ತುರುವೇಕೆರೆಯ ಸೀಮೆಗೆ ಸೇರಿದ ಸಂಪಿಗೆ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಮೈಲಾರಯ್ಯನವರು, ತಾಯಿ ಭಾಗೀರಥಮ್ಮನವರು. ಮನೆತನದ ಮೂಲಸ್ಥಳ ನಾಗಮಂಗಲದ ಕಡೆಯ ಬೆಳ್ಳೂರು. ತಂದೆಯವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಮಗನ ಬಾಲ್ಯವು ಕಾವೇರಿಯ ದಡದಲ್ಲಿ ಕಳೆಯಿತು. ಮುಂದೆ ಮೈಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ಬಿ.ಎ. ಪದವಿಯನ್ನು ಪಡೆದರು, ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಓದಿ ಎಂ.ಎ. ಪದವೀಧರರಾದರು. ವಕೀಲಿಯಲ್ಲಿ ಹಣವೂ ಹೆಸರೂ ಸುಲಭವಾಗಿದ್ದ ಕಾಲದಲ್ಲಿ ಅವರು ಉಪಾಧ್ಯಾಯವೃತ್ತಿಯನ್ನು ಹಿಡಿದು, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನಿಂತರು.

ಆ ದಿನಗಳಲ್ಲಿ ಕನ್ನಡದ ಸ್ಥಿತಿ ಶೋಚನೀಯವಾಗಿದ್ದಿತು. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. ಫರ್ಡಿನಾಂಡ್ ಕಿಟ್ಟೆಲರು ಬಹುಕಾಲ ದುಡಿದು ಸಿದ್ಧಪಡಿಸಿದ ಮಹಾನಿಘಂಟು 1894ರಲ್ಲಿಯೇ ಮಂಗಳೂರಿನಲ್ಲಿ ಅಚ್ಚಾಗಿದ್ದರೂ, ಆ ಶಬ್ದಸಂಪತ್ತನ್ನು ಬಳಸಬೇಕಾದ ವಿದ್ಯಾವಂತರು ಬೇರೆ ಕಡೆಗೆ ಮುಖ ಮಾಡಿದ್ದರು. ಕಾಲೇಜನ್ನು ಕಂಡವರು ಇಂಗ್ಲಿಷಿನಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಭಾಷಣ ಮಾಡಿ, ಮನೆಯವರೊಡನೆ ಮಾತ್ರ ಕನ್ನಡವಾಡುತ್ತಿದ್ದರು. ಇದರಿಂದ ಒಂದೇ ಮನೆಯಲ್ಲಿ ಎರಡು ಲೋಕಗಳಾದುವು: ಗಂಡನು ಓದಿದ ವಿಷಯವು ಹೆಂಡತಿಗೆ ಮುಟ್ಟದು; ಮಗನ ಜ್ಞಾನದಲ್ಲಿ ತಾಯಿಗೆ ಪಾಲಿಲ್ಲ.

ಇದು ಹಿಂದಿನವರ ಕಥೆಯೆಂದು ನಾನು ದೂರ ನಿಂತು ಹೇಳಲಾರೆ. ತರಬೇತಿಯನ್ನು ಮುಗಿಸಿ ಉಪಾಧ್ಯಾಯಿನಿಯಾಗಿ ಹೊರಟಾಗ ನಾನು ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದೆ. ನನ್ನ ತಾಯಿಗೆ ಒಂದು ಪುಟದ ಕನ್ನಡ ಕಾಗದವನ್ನು ಬರೆಯಲು ಕುಳಿತರೆ ಲೇಖನಿಯು ಮೂರು ಸಾಲುಗಳಿಗೇ ನಿಂತುಬಿಡುತ್ತಿತ್ತು. ಆ ನಾಚಿಕೆಯಿಂದಲೇ ಮೊದಲ ಬಾರಿಗೆ ಶ್ರೀಕಂಠಯ್ಯನವರ ಗ್ರಂಥಗಳನ್ನು ಕೈಗೆತ್ತಿಕೊಂಡೆನು.

ಅವರು ಈ ಕೊರತೆಯನ್ನು ಬೇಗನೆ ಗುರುತಿಸಿದರು. 1911ರಲ್ಲಿ, ಇನ್ನೂ ಇಪ್ಪತ್ತೇಳು ವರ್ಷದ ತರುಣರಾಗಿದ್ದಾಗ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಬಾಳಿನ ಬಳಕೆಗೆ ಬರುವ ತಿಳಿಯಾದ ಹೊಸಗನ್ನಡದಲ್ಲಿ ಬರೆಯಬೇಕು. ಹಳೆಯ ಕಾವ್ಯಗಳನ್ನು ಮರೆಯದೆ, ಹೊರಗಿನ ಸಾಹಿತ್ಯಗಳ ಸಾರವನ್ನೂ ಸೇರಿಸಿಕೊಳ್ಳಬೇಕು ಎಂಬುದೇ ಅವರ ಅಭಿಮತ. ಅಂದಿನಿಂದ ಸಭೆಯೆಂಬುದು ಅವರಿಗೆ ಎರಡನೆಯ ಪಾಠಶಾಲೆಯಾಯಿತು. ಹಗಲು ಕಾಲೇಜಿನಲ್ಲಿ ಷೇಕ್ಸ್‌ಪಿಯರನ ಪಾಠ. ಬಿಡುವು ದೊರೆತಾಗ ಊರೂರುಗಳ ಸಂಘಗಳಲ್ಲಿ ಕನ್ನಡದ ಮಾತು. ಇಂಗ್ಲಿಷನ್ನು ಕಲಿಸುವವರೇ ಕನ್ನಡದ ಪರವಾಗಿ ನಿಂತುದರಿಂದ ಅವರ ಮಾತಿಗೆ ತೂಕ ಬಂದಿತು. ಇಂಗ್ಲಿಷ್ ಬಾರದ ಕಾರಣ ಕನ್ನಡವನ್ನು ಹೊಗಳುತ್ತಾರೆಂದು ಅವರನ್ನು ಯಾರೂ ಹಳಿಯುವಂತಿರಲಿಲ್ಲ.

ಬರಿಯ ಮಾತಿನಿಂದ ಭಾಷೆ ಬೆಳೆಯದೆಂಬುದನ್ನು ಅವರು ಬಲ್ಲರು. ಸುಮಾರು ಅರುವತ್ತು ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು, 1920ರ ದಶಕದಲ್ಲಿ ಅವರು ಪ್ರಕಟಿಸಿದ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ದಾರಿ ತೋರಿಸಿತು. ಪ್ರತಿ ಸಾಲಿನ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ಹಳೆಯ ಪ್ರಾಸದ ಕಟ್ಟನ್ನು ಸಡಿಲಿಸಿ, ಕನ್ನಡದ ಮಾತ್ರಾಗಣಗಳಿಂದಲೇ ಹೊಸ ಲಯಗಳನ್ನು ತೆಗೆದರು. ನಮ್ಮ ಪ್ರಾರ್ಥನಾಗೀತವು ಆ ಗ್ರಂಥದ್ದೇ. ಸ್ಕಾಟ್ಲೆಂಡಿನ ಲೇಡಿ ಆನ್ ಲಿಂಡ್ಸೆ ಎಂಬ ಮಹಿಳೆಯು ರಚಿಸಿದ ಒಂದು ಕಥನಗೀತವೂ ಅದರಲ್ಲಿದೆ. ಪ್ರಿಯನು ಸಮುದ್ರಯಾನಕ್ಕೆ ಹೋಗಿರಲು, ಮನೆಯ ಬಡತನದಿಂದ ಮುದುಕನನ್ನು ವರಿಸಬೇಕಾದ ಕನ್ಯೆಯ ದುಃಖವೇ ಅದರ ವಸ್ತು. ಶ್ರೀಕಂಠಯ್ಯನವರ ಕೈಯಲ್ಲಿ ಆ ಮುದುಕನು ರಾಮೇಗೌಡನಾಗಿ, ಕಥೆಯು ನಮ್ಮ ಹಳ್ಳಿಯದೇ ಎಂಬಂತಾಯಿತು. ತಾಮಸ್ ಹುಡ್ ಎಂಬ ಕವಿಯು ನದಿಗೆ ಬಿದ್ದು ಸತ್ತ ಅನಾಥೆಯೊಬ್ಬಳನ್ನು ಕುರಿತು ಬರೆದ ಶೋಕಗೀತವನ್ನೂ ಅವರು ಬಿಡಲಿಲ್ಲ. ಲೋಕವು ಹಳಿಯುವ ಹೆಣ್ಣನ್ನು ಕನಿಕರದಿಂದ ಕಾಣುವ ಇಂತಹ ಕವನಗಳನ್ನು ಅವರು ಆರಿಸಿಕೊಂಡುದು ನಮ್ಮಂತಹ ಹೆಣ್ಣುಮಕ್ಕಳ ಪಾಠಶಾಲೆಯವರು ವಿಶೇಷವಾಗಿ ನೆನೆಯತಕ್ಕ ವಿಷಯ.

ಕವಿತೆಯೊಡನೆ ನಾಟಕವೂ ಬೆಳೆಯಿತು. ರನ್ನನ ಕಾವ್ಯವನ್ನು ಆಧರಿಸಿದ ‘ಗದಾಯುದ್ಧ ನಾಟಕಂ’, ಗ್ರೀಕ್ ಕವಿ ಸೋಫೋಕ್ಲೀಸನ ನಾಟಕದ ಜಾಡಿನಲ್ಲಿ 1929ರ ‘ಅಶ್ವತ್ಥಾಮನ್’, ಈಸ್ಕಿಲಸನ ಕೃತಿಯಿಂದ 1935ರ ‘ಪಾರಸಿಕರು’ ಹೊರಬಂದು, ರುದ್ರನಾಟಕವೆಂಬುದರ ಪರಿಚಯವು ಕನ್ನಡಿಗರಿಗಾಯಿತು. 1926ರಿಂದ 1930ರ ವರೆಗೆ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ಆ ಅವಧಿಯಲ್ಲಿ, 1927ರಲ್ಲಿ, ಕನ್ನಡ ಎಂ.ಎ. ತರಗತಿಯು ಆರಂಭವಾಯಿತು. ಕನ್ನಡದಲ್ಲಿಯೂ ಉನ್ನತ ವ್ಯಾಸಂಗವೆಂಬುದುಂಟೇ ಎಂದು ಕೇಳುತ್ತಿದ್ದವರಿಗೆ ಆ ತರಗತಿಯೇ ಉತ್ತರ. ಕುವೆಂಪುರವರೂ ಡಿ. ಎಲ್. ನರಸಿಂಹಾಚಾರ್ಯರೂ ಅದರಲ್ಲಿ ಓದಿ ಬಂದವರು. ಋಷಿಯೊಬ್ಬನು ಆಶ್ರಮದಲ್ಲಿ ಮಗುವನ್ನು ಸಾಕಿದಂತೆ ಹೊಸ ಸಾಹಿತ್ಯವನ್ನು ಸಾಕಿದುದರಿಂದ ಜನರು ಅವರನ್ನು ಕನ್ನಡದ ಕಣ್ವರೆಂದು ಕರೆದರು. 1928ರಲ್ಲಿ ಕಲಬುರ್ಗಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. 1938ರಲ್ಲಿ ಮೈಸೂರು ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನಿತ್ತರು.

ಇಷ್ಟು ಮಾತ್ರವಾಗಿದ್ದರೆ ಅವರು ಕಾಲೇಜಿನ ಗೋಡೆಯೊಳಗಿನ ವಿದ್ವಾಂಸರಾಗಿ ಉಳಿಯುತ್ತಿದ್ದರು. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಆ ಗೋಡೆಯ ಹೊರಗೆ ಅವರು ಮಾಡಿದ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದಾಗಲೇ, 1938ರಿಂದ 1942ರ ವರೆಗೆ, ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದರ ಭಾರವನ್ನು ಹೊತ್ತರು. 1915ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಪಂಡಿತರ ಮನೆಯಾಗಿದ್ದಿತು. ಅದರ ಬಾಗಿಲನ್ನು ಸಾಮಾನ್ಯ ಜನರಿಗೆ ತೆರೆದವರು ಇವರು. ‘ಕನ್ನಡ ನುಡಿ’ ಎಂಬ ಪತ್ರಿಕೆ ಹುಟ್ಟಿತು. ಪರಿಷತ್ತಿಗೆ ತನ್ನದೇ ಆದ ಅಚ್ಚುಕೂಟ ಬಂದಿತು. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ಕಲೆಗೆ ತರಗತಿಗಳು ನಡೆದುವು. ಮಹಿಳಾ ಶಾಖೆಯು ಏರ್ಪಟ್ಟಿತು. ಕನ್ನಡ ಕಾವ, ಕನ್ನಡ ಜಾಣ ಎಂಬ ಪರೀಕ್ಷೆಗಳು ಮೊದಲಾದುವು.

ಈ ಪರೀಕ್ಷೆಗಳ ಮಹತ್ವವನ್ನು ವಾಚಕರು ಕೊಂಚ ಯೋಚಿಸಬೇಕು. ಇವುಗಳಿಗೆ ಕಾಲೇಜಿನಲ್ಲಿ ಸ್ಥಳ ದೊರೆಯಬೇಕಾಗಿಲ್ಲ. ಊರನ್ನು ಬಿಟ್ಟು ಹೋಗಬೇಕಾಗಿಲ್ಲ. ಅಂಗಡಿಯಲ್ಲಿ ಲೆಕ್ಕ ಬರೆಯುವವನೂ, ಕಚೇರಿಯ ಗುಮಾಸ್ತನೂ, ಒಲೆಯ ಮುಂದಿನ ಕೆಲಸವನ್ನು ಮುಗಿಸಿದ ಗೃಹಿಣಿಯೂ ಗೊತ್ತಾದ ಪುಸ್ತಕಗಳನ್ನು ಮನೆಯಲ್ಲಿ ಓದಿ, ನೆರೆಹೊರೆಯವರೊಡನೆ ಕೂಡಿ ಅಭ್ಯಾಸ ಮಾಡಿ, ಪರೀಕ್ಷೆಗೆ ಕುಳಿತುಕೊಳ್ಳಬಹುದು. ಹದಿನಾಲ್ಕು ಹದಿನೈದು ವಯಸ್ಸಿಗೆ ಪಾಠಶಾಲೆಯನ್ನು ಬಿಟ್ಟು ಅತ್ತೆಯ ಮನೆಗೆ ಹೋಗುವುದೇ ವಾಡಿಕೆಯಾಗಿದ್ದ ಕಾಲದಲ್ಲಿ, ವಿವಾಹವಾದ ಮೇಲೆಯೂ ವಿದ್ಯೆ ಮುಂದುವರಿಯಬಹುದೆಂಬ ಭರವಸೆಯು ಎಷ್ಟು ದೊಡ್ಡದು! ಕಾಲೇಜಿಗೆ ಬರಲಾರದವರ ಬಳಿಗೆ ವಿದ್ಯೆಯೇ ನಡೆದು ಹೋಗುವಂತೆ ಮಾಡಿದುದು ಶ್ರೀಕಂಠಯ್ಯನವರ ಪರಮೋಪಕಾರವೆಂದು ನಾನು ಭಾವಿಸಿದ್ದೇನೆ.

ಇದಕ್ಕಾಗಿ ಅವರು ತೆತ್ತ ಬೆಲೆಯೂ ಅಲ್ಪವಲ್ಲ. ಪಾಂಡಿತ್ಯಕ್ಕೂ ಪ್ರತಿಭೆಗೂ ತಕ್ಕಷ್ಟು ಅವರು ಬರೆಯಲಿಲ್ಲವೆಂದು ವಿಮರ್ಶಕರು ಹೇಳುವುದುಂಟು. ಸ್ವತಂತ್ರ ಕವನಗಳ ಸಂಗ್ರಹವಾದ ‘ಹೊಂಗನಸುಗಳು’ ಸಣ್ಣ ಪುಸ್ತಕ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಸಮಗ್ರವಾಗಿ ಬರೆಯುವ ಸಂಕಲ್ಪವು ಪೂರ್ಣವಾಗಿ ಕೈಗೂಡಲಿಲ್ಲ. ಸಭೆ, ಸಮಿತಿ, ತರಗತಿ, ಪ್ರಯಾಣಗಳಲ್ಲಿ ಹೋದ ಕಾಲವು ಗ್ರಂಥರಚನೆಗೆ ಒದಗಿದ್ದರೆ ಒಳ್ಳೆಯದಾಗುತ್ತಿರಲಿಲ್ಲವೆ ಎಂಬ ಪ್ರಶ್ನೆ ಸಹಜವಾದುದೇ. ಉಪಾಧ್ಯಾಯಿನಿಯಾದ ನನಗೆ ಮಾತ್ರ ಹಾಗೆ ತೋರುವುದಿಲ್ಲ. ತನ್ನ ಹೆಸರಿನ ಗ್ರಂಥಗಳನ್ನು ಹೆಚ್ಚಿಸುವವನು ವಿದ್ವಾಂಸ. ಇತರರು ಬರೆಯುವಂತೆಯೂ ಓದುವಂತೆಯೂ ಮಾಡುವವನು ಗುರು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಅವರು ಗುರುವಾಗಿ ಉಳಿದರು. ಶಿಷ್ಯರೂ ಮಿತ್ರರೂ ಕೂಡಿ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ ಎಂಬ ಗ್ರಂಥವು ಆ ಋಣದ ಸ್ಮರಣೆಯೇ ಆಗಿದೆ.

1942ರಲ್ಲಿ ಸರ್ಕಾರದ ಸೇವೆಯಿಂದ ನಿವೃತ್ತರಾದಾಗ ವಿಶ್ರಾಂತಿಗೆ ಅವರಿಗೆ ಎಲ್ಲ ಹಕ್ಕೂ ಇದ್ದಿತು. ಆದರೆ 1944ರಲ್ಲಿ ಧಾರವಾಡದವರು ಹೊಸದಾಗಿ ತೆರೆದ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬರಬೇಕೆಂದು ಕೇಳಿದಾಗ, ಅರುವತ್ತರ ವಯಸ್ಸಿನಲ್ಲಿ ಹೊರಟು ನಿಂತರು. ಮೂವತ್ತುಮೂರು ವರ್ಷಗಳ ಹಿಂದೆ ಯಾವ ಊರಿನಲ್ಲಿ ತರುಣರಾಗಿ ನಿಂತು ಕನ್ನಡಕ್ಕಾಗಿ ಮಾತನಾಡಿದರೋ ಆ ಊರಿಗೇ ಮುಪ್ಪಿನಲ್ಲಿ ದುಡಿಯಲು ಮರಳಿದಂತಾಯಿತು. ಅಲ್ಲಿ ಕೆಲಸದಲ್ಲಿರುವಾಗಲೇ, 1946ರ ಜನವರಿ 5ರಂದು, ಅರುವತ್ತೆರಡು ವರ್ಷಗಳು ತುಂಬಿದ ಎರಡನೆಯ ದಿನ, ದೈವಾಧೀನರಾದರು. ನಾಡು ಒಂದಾದುದನ್ನು ಕಾಣಲು ಅವರು ಉಳಿಯಲಿಲ್ಲ. 1956ರಲ್ಲಿ ಅದು ಒಂದಾದಾಗ ಮೈಸೂರು ಧಾರವಾಡಗಳ ಓದುಗರು ಒಬ್ಬರಿಗೊಬ್ಬರು ಅಪರಿಚಿತರಾಗಿರಲಿಲ್ಲವೆಂದರೆ, ಅದರಲ್ಲಿ ಅವರ ಪಾಲು ಉಂಟು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಶ್ರೀಕಂಠಯ್ಯನವರ ಕಾಲದ ಮೈಸೂರು ಧಾರವಾಡಗಳಂತೆ ತುಮಕೂರು ಇಂದು ಕಾಲೇಜುಗಳ ಊರಾಗಿದೆ. 2004ರಲ್ಲಿ ಇಲ್ಲಿಯೇ ವಿಶ್ವವಿದ್ಯಾನಿಲಯವೂ ಆಯಿತು. ಕ್ಯಾತ್ಸಂದ್ರದ ರೈಲು ನಿಲ್ದಾಣದಲ್ಲಿಯೂ ಹೆದ್ದಾರಿಯ ಬಸ್ಸುಗಳಲ್ಲಿಯೂ ಪ್ರಾತಃಕಾಲ ಪುಸ್ತಕದ ಚೀಲ ಹೊತ್ತ ತರುಣಿಯರನ್ನು ಕಂಡಾಗ ಮನಸ್ಸು ಹಿಗ್ಗುತ್ತದೆ. ಅವರ ತಾಯಂದಿರಲ್ಲಿ ಎಷ್ಟೋ ಮಂದಿ ನಮ್ಮ ಹಳೆಯ ವಿದ್ಯಾರ್ಥಿನಿಯರು. ಮಗಳ ಪ್ರಗತಿಪತ್ರಕ್ಕೆ ರುಜು ಹಾಕಲು ಬಂದಾಗ, ಪಾಠಶಾಲೆಯನ್ನು ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಪೂರ್ತಿಯಾಗಿ ಓದಲಿಲ್ಲವೆಂದು ಅವರು ನಗುತ್ತಾ ಹೇಳುವುದುಂಟು. ಆ ನಗೆಯ ಹಿಂದಿರುವ ಕೊರಗನ್ನು ನಾನು ಬಲ್ಲೆ.

ಅವರಿಗೆ ನನ್ನದೊಂದು ಬಿನ್ನಹ. ಪರಿಷತ್ತಿನ ಕನ್ನಡ ಪರೀಕ್ಷೆಗಳಿಗೆ ವಯಸ್ಸು ಅಡ್ಡಿಯಲ್ಲ. ವಾರಕ್ಕೆ ಒಂದು ಸಂಜೆ ನಾಲ್ವರು ಕೂಡಿ ಓದಿದರೆ ಅದೇ ಒಂದು ತರಗತಿ. ಕುಳಿತುಕೊಳ್ಳಲು ಬೆಂಚು ಬೇಕಾದರೆ ನಮ್ಮ ಪಾಠಶಾಲೆಯ ಕೊಠಡಿಯೊಂದನ್ನು ತೆರೆದಿಡಲು ನಾನು ಸಿದ್ಧಳಿದ್ದೇನೆ. ಕಲಿಸುವ ಮೊದಲು ನಾನೂ ಕಲಿಯಬೇಕಾದುದು ಬಹಳವಿದೆಯಾದ್ದರಿಂದ ನಿಮ್ಮೊಡನೆ ಕೊನೆಯ ಬೆಂಚಿನಲ್ಲಿ ನಾನೂ ಕೂರುತ್ತೇನೆ. ಪ್ರತಿದಿನ ಬೆಳಗ್ಗೆ ಅವರ ಹಾಡನ್ನು ಹಾಡುವ ನಾವು, ಸಂಜೆ ಅವರ ಕೆಲಸದಲ್ಲಿ ಒಂದಿಷ್ಟನ್ನು ಮಾಡಿದರೆ ಅವರ ಸ್ಮರಣೆಯು ಸಾರ್ಥಕವಾಗುವುದು.