ಕೊರಳಿನೊಳಗೆ ರಾಟೆ ಕಂಡವನು

ನಾನು ಓದುತ್ತಿರುವುದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆದರೂ ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ನಮ್ಮ ಕಡೆಯವನೇ ಎಂಬ ಅಭಿಮಾನ ನನಗೆ. ಅವನ ಅಪ್ಪ ನಿಕಾನ್ ಕಟ್ಟಡಗಳ ವಿನ್ಯಾಸಕಾರ, ಗಣಿತ ಬಲ್ಲವನು. ಕ್ರಿ.ಶ. 129ರಲ್ಲಿ ಪರ್ಗಮಮ್‌ನಲ್ಲಿ, ಅಂದರೆ ಈಗಿನ ಟರ್ಕಿಯ ಬರ್ಗಾಮಾದಲ್ಲಿ, ಹುಟ್ಟಿದ ಮಗನಿಗೆ ರೇಖಾಗಣಿತ ಕಲಿಸಿದವನು ಅವನೇ. ಅಮ್ಮನ ವಿಷಯ ಬೇರೆ. ಸಿಟ್ಟು ಬಂದರೆ ಕೆಲಸದವರನ್ನು ಕಚ್ಚುತ್ತಿದ್ದಳೆಂದು ಮಗನೇ ಬರೆದಿಟ್ಟಿದ್ದಾನೆ.

ಮಗ ತತ್ವಶಾಸ್ತ್ರ ಓದುತ್ತಿದ್ದ. ಅವನಿಗೆ ಹದಿನಾರು ದಾಟುವ ಹೊತ್ತಿಗೆ ಅಪ್ಪನಿಗೆ ಕನಸು ಬಿತ್ತು, ಇವನನ್ನು ವೈದ್ಯನನ್ನಾಗಿ ಮಾಡು ಎಂಬ ಸೂಚನೆ ಸಿಕ್ಕಿತು. ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ನಮ್ಮ ಅಪ್ಪಂದಿರಿಗೆ ಬೀಳುವ ಕನಸುಗಳಿಗಿಂತ ಇದು ಮೇಲು. ಏಕೆಂದರೆ ಗ್ಯಾಲೆನ್ ಮೊದಲಿನ ಓದನ್ನು ಬಿಡಬೇಕಾಗಲಿಲ್ಲ, ಎರಡನ್ನೂ ಜೊತೆಗೇ ಓದಿದ. ಅಪ್ಪ ತೀರಿಕೊಂಡ ಮೇಲೆ ಸ್ಮಿರ್ನಾ, ಕಾರಿಂತ್, ಅಲೆಕ್ಸಾಂಡ್ರಿಯಾ ಎಂದು ಗುರುಗಳನ್ನು ಹುಡುಕಿಕೊಂಡು ವರ್ಷಗಟ್ಟಲೆ ಅಲೆದ. 157ರಲ್ಲಿ ಊರಿಗೆ ಮರಳಿದಾಗ ಸಿಕ್ಕ ಕೆಲಸ ಗ್ಲ್ಯಾಡಿಯೇಟರ್‌ಗಳ ಗಾಯಗಳಿಗೆ ಚಿಕಿತ್ಸೆ ಮಾಡುವುದು. ಮನುಷ್ಯರ ಶವ ಕೊಯ್ದು ನೋಡುವಂತಿರದ ಕಾಲ ಅದು. ಕತ್ತಿಯೇಟಿನ ಗಾಯದಲ್ಲಿ ಕಂಡಷ್ಟು ಕಂಡ, ಮಿಕ್ಕಿದ್ದಕ್ಕೆ ಮಂಗ, ಹಂದಿ, ಆಡುಗಳನ್ನು ಕೊಯ್ದ.

ಅವನ ಜೀವನದ ದೊಡ್ಡ ಜಗಳ ನಡೆದದ್ದು ಕೊರಳಿನ ವಿಷಯಕ್ಕೆ. 162ರಲ್ಲಿ ರೋಮ್‌ಗೆ ಬಂದಾಗ ಅಲ್ಲಿನ ಪಂಡಿತರಲ್ಲಿ ಒಂದು ವಾದ ಗಟ್ಟಿಯಾಗಿ ನೆಲೆಯೂರಿತ್ತು. ಮಾತು ಎದೆಯಿಂದ ಬರುತ್ತದೆ, ಬುದ್ಧಿ ಇರುವ ಕಡೆಯಿಂದಲೇ ಮಾತು ಬರಬೇಕು, ಆದ್ದರಿಂದ ಬುದ್ಧಿ ಇರುವುದು ಹೃದಯದಲ್ಲಿ ಎಂಬ ವಾದ. ಕೇಳಲು ಸರಿಯಾಗಿಯೇ ಇದೆ. ಗ್ಯಾಲೆನ್ ಮಾತ್ರ ಪರೀಕ್ಷೆ ಮಾಡಿ ನೋಡೋಣ ಎಂದ.

ಫ್ಲೇವಿಯಸ್ ಬೋಇಥಸ್ ಎಂಬ ದೊಡ್ಡ ಮನುಷ್ಯನ ಏರ್ಪಾಟಿನಲ್ಲಿ ಪಂಡಿತರೆಲ್ಲ ಸೇರಿದರು. ಪ್ರಯೋಗ ಶುರುವಾಗುವ ಮೊದಲೇ ಡಮಾಸ್ಕಸ್‌ನ ಅಲೆಕ್ಸಾಂಡರ್ ಎಂಬಾತ ಅಡ್ಡ ಬಾಯಿ ಹಾಕಿದ. ಕಣ್ಣಿಗೆ ಕಂಡದ್ದನ್ನು ನಂಬಬೇಕೋ ಬೇಡವೋ ಎಂಬುದು ಮೊದಲು ತೀರ್ಮಾನವಾಗಲಿ ಎಂಬುದು ಅವನ ತಕರಾರು. ಗ್ಯಾಲೆನ್ ಸಿಟ್ಟಿನಿಂದ ಎದ್ದು ಹೋದ. ಆಮೇಲೆ ಪ್ರಯೋಗ ನಡೆಯಿತು, ಕೆಲವು ದಿನಗಳ ಕಾಲ. ಕಿರುಚುತ್ತಿದ್ದ ಹಂದಿಯ ಕುತ್ತಿಗೆಯಲ್ಲಿ, ಶ್ವಾಸನಾಳದ ಎರಡು ಪಕ್ಕದ ತೆಳು ನರಗಳಿಗೆ ದಾರ ಕಟ್ಟಿದರೆ ದನಿ ನಿಲ್ಲುತ್ತಿತ್ತು, ಉಸಿರಾಟ ನಡೆದೇ ಇರುತ್ತಿತ್ತು. ದಾರ ಬಿಚ್ಚಿದರೆ ದನಿ ಮತ್ತೆ ಬರುತ್ತಿತ್ತು. ಮಂಗನ ಬದಲು ಹಂದಿಯನ್ನೋ ಆಡನ್ನೋ ಆರಿಸಿಕೊಳ್ಳಲು ಅವನು ಕೊಟ್ಟ ಕಾರಣ, ಮಂಗನ ಮುಖ ನೋಡಲಾಗುವುದಿಲ್ಲ ಎಂದು. ಅರಿವಳಿಕೆಯಿಲ್ಲದ ಕಾಲದ ಆ ಹಂದಿಯ ಪಾಡು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ.

ಆ ನರದ ದಾರಿ ಮಾತ್ರ ಬಲು ಸೊಗಸು. ಮೆದುಳಿನಿಂದ ಹೊರಟ ನರ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋದರೂ ಅಲ್ಲಿ ನಿಲ್ಲುವುದಿಲ್ಲ. ಎದೆಗೆ ಇಳಿಯುತ್ತದೆ. ಅಲ್ಲಿ ಒಡೆಯುವ ಕವಲು ಎಡಗಡೆ ಮಹಾಪಧಮನಿಯನ್ನೂ ಬಲಗಡೆ ಬಲತೋಳಿಗೆ ಹೋಗುವ ರಕ್ತನಾಳವನ್ನೂ ಬಳಸಿ, ಮತ್ತೆ ಕೊರಳಿಗೆ ಏರುತ್ತದೆ. ಧ್ವನಿಪೆಟ್ಟಿಗೆಯ ಕೆಲವು ಸ್ನಾಯುಗಳಿಗೆ ಅಪ್ಪಣೆ ಕೆಳಗಿನಿಂದಲೇ ಬರಬೇಕು, ಅದಕ್ಕೇ ಈ ಸುತ್ತು ಎಂದು ಗ್ಯಾಲೆನ್ ತರ್ಕಿಸಿದ. ಮುರಿದ ಕಾಲನ್ನು ಎಳೆದು ನೇರ ಮಾಡುವ ರಾಟೆಯ ಯಂತ್ರವೊಂದು ಆಗ ಬಳಕೆಯಲ್ಲಿತ್ತು. ನರ ಅದರ ಹಗ್ಗದಂತೆ, ರಕ್ತನಾಳ ರಾಟೆಯಂತೆ ಎಂದು ವಿವರಿಸಿದ. ಕಟ್ಟಡ ಕಟ್ಟುವವನ ಮಗನಿಗೆ ಹೊಳೆಯಬೇಕಾದ ಹೋಲಿಕೆಯೇ ಸರಿ. ದಾರಿಯ ಬಗ್ಗೆ ಅವನು ಹೇಳಿದ್ದು ಸರಿ, ಕಾರಣ ತಪ್ಪು. ಮೀನಿನಂಥ ಪೂರ್ವಜರಲ್ಲಿ ನೇರವಾಗಿದ್ದ ನರ, ಕುತ್ತಿಗೆ ಬೆಳೆದು ಹೃದಯ ಕೆಳಗಿಳಿದಾಗ ರಕ್ತನಾಳಕ್ಕೆ ಸಿಕ್ಕಿಕೊಂಡು ಉದ್ದವಾಯಿತು ಎನ್ನುತ್ತದೆ ಇಂದಿನ ವಿಜ್ಞಾನ. ಜಿರಾಫೆಯಲ್ಲಂತೂ ಈ ಸುತ್ತು ಹಲವು ಮೀಟರ್. ನಾನು ಇಂಥ ಡಿಸೈನ್ ಬರೆದುಕೊಟ್ಟರೆ ಮಾರ್ಕ್ಸ್ ಬೀಳುವುದಿಲ್ಲ.

ಕತ್ತಿನ ಮುಂಭಾಗದ ಸ್ನಾಯುಗಳಲ್ಲೂ ಅವನ ಗುರುತಿದೆ. ಶೇವ್ ಮಾಡುವಾಗ ಕತ್ತು ಬಿಗಿಹಿಡಿದರೆ ಚರ್ಮದಡಿ ಎದ್ದು ಕಾಣುವ ತೆಳು ಹಾಳೆಯಂಥ ಸ್ನಾಯುವೇ ಪ್ಲಾಟಿಸ್ಮಾ. ಹಿಂದಿನವರು ಚರ್ಮದ ಜೊತೆ ಅದನ್ನೂ ಸುಲಿದು ಹಾಕುತ್ತಿದ್ದರು, ಗುರುತಿಸಿದವನು ತಾನು ಎಂದು ಗ್ಯಾಲೆನ್ ಹೆಮ್ಮೆಪಟ್ಟಿದ್ದಾನೆ. ಅದರ ಒಳಗೆ, ನಾಲಗೆಯ ಬುಡದಲ್ಲಿ, ಲಾಳದ ಆಕಾರದ ಒಂದು ಎಲುಬಿದೆ. ಬೇರೆ ಯಾವ ಎಲುಬಿಗೂ ಕೀಲಾಗಿ ಸೇರದ ಎಲುಬು ಅದು. ಮೇಲಿನ ನಾಲ್ಕು ಜೊತೆ, ಕೆಳಗಿನ ನಾಲ್ಕು ಜೊತೆ ಸ್ನಾಯುಗಳು ಡೇರೆಯ ಹಗ್ಗಗಳಂತೆ ಅದನ್ನು ಎಳೆದು ಹಿಡಿದಿವೆ. ಗಂಟಲಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ. ಮೇಲಿನವು ಎಳೆದಾಗ ಗಂಟಲಮಣಿ ಏರುತ್ತದೆ, ಕೆಳಗಿನವು ಎಳೆದಾಗ ಇಳಿಯುತ್ತದೆ.

ಇದೆಲ್ಲ ತಿಳಿಯದೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಗ್ಯಾಲೆನ್ ಒಂದು ಸಂಗತಿ ದಾಖಲಿಸಿದ್ದಾನೆ. ಕತ್ತಿನಲ್ಲಿ ಗಂಟುಗಳಾಗಿದ್ದ ಒಬ್ಬ ಹುಡುಗ. ಕತ್ತರಿಸಿದರೆ ರಕ್ತನಾಳಕ್ಕೆ ಪೆಟ್ಟಾದೀತೆಂದು ಹೆದರಿದ ಶಸ್ತ್ರವೈದ್ಯ ಅವುಗಳನ್ನು ಉಗುರಿನಿಂದ ಕಿತ್ತ. ಗಂಟಿನ ಜೊತೆ ಎರಡೂ ನರ ಕಿತ್ತುಬಂದವು. ಹುಡುಗ ಬದುಕಿದ, ದನಿ ಹೋಯಿತು. ಇನ್ನೊಬ್ಬ ಹುಡುಗನಿಗೆ ಒಂದೇ ಕಡೆಯ ನರ ಹೋಗಿ ಅರ್ಧ ದನಿ ಉಳಿಯಿತು. ಗಂಟಲಿಗೆ ಏನೂ ಆಗಿಲ್ಲ, ಮಾತು ಹೋದದ್ದು ಹೇಗೆ ಎಂದು ಜನ ಬೆರಗಾದರು. ಉತ್ತರ ಗ್ಯಾಲೆನ್ ಬಳಿ ಇತ್ತು.

ಕಳೆದ ವರ್ಷ ನಮ್ಮ ದೊಡ್ಡಮ್ಮನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಎಚ್ಚರವಾದ ಕೂಡಲೇ ಡಾಕ್ಟರು ಮೊದಲು ಕೇಳಿದ್ದು ಹೆಸರು ಹೇಳಿ ಅಂತ. ದೊಡ್ಡಮ್ಮ ಹೆಸರಿನ ಜೊತೆ ಊರು, ಮನೆತನ, ಮಕ್ಕಳು ಏನು ಓದಿದ್ದಾರೆ ಎಲ್ಲ ಹೇಳಿದರಂತೆ. ಡಾಕ್ಟರು ನೋಡಬೇಕಿದ್ದದ್ದು ಅದೇ ನರ ಕ್ಷೇಮವಾಗಿದೆಯೇ ಎಂದು. ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಹಾದುಹೋಗುವ ಅದನ್ನು ಇವತ್ತಿನ ಸರ್ಜನ್‌ಗಳು ಮೊದಲು ಹುಡುಕಿಟ್ಟುಕೊಂಡೇ ಮುಂದುವರಿಯುತ್ತಾರೆ.

ಮುಂದೆ ಗ್ಯಾಲೆನ್ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯ ಆಸ್ಥಾನ ಸೇರಿದ, ಹೆಸರು ಗಳಿಸಿದ. ಮಂಗನ ದೇಹದಲ್ಲಿ ಕಂಡದ್ದನ್ನೇ ಮನುಷ್ಯನದೆಂದು ಬರೆದ ತಪ್ಪುಗಳೂ ಅವನ ಹೆಸರಿನ ಬಲದಲ್ಲಿ ಸಾವಿರದ ಮುನ್ನೂರು ವರ್ಷ ಬಾಳಿದವು. 1543ರಲ್ಲಿ ವೆಸೇಲಿಯಸ್ ಪುಸ್ತಕ ಬರೆದು ತಿದ್ದಬೇಕಾಯಿತು. ಕಣ್ಣಾರೆ ಕಂಡದ್ದನ್ನೇ ನಂಬಬೇಕೆಂದು ಜಗಳವಾಡಿದವನ ಪುಸ್ತಕವನ್ನು ಕಣ್ಣುಮುಚ್ಚಿ ನಂಬಿದರು ಜನ.

192ರಲ್ಲಿ ರೋಮ್‌ನಲ್ಲಿ ಬೆಂಕಿ ಬಿದ್ದು ಗೋದಾಮಿನಲ್ಲಿದ್ದ ಅವನ ಪುಸ್ತಕರಾಶಿ ಸುಟ್ಟುಹೋಯಿತು. ಪ್ರತಿಗಳನ್ನು ಬೇರೆ ಊರಿಗೆ ಸಾಗಿಸಲು ಇನ್ನು ಕೆಲವೇ ತಿಂಗಳು ಬಾಕಿ ಇತ್ತು. ಬ್ಯಾಕಪ್ ನಾಳೆ ಮಾಡೋಣ ಎನ್ನುವ ನಮ್ಮ ಹಾಸ್ಟೆಲ್ ಹುಡುಗರಿಗೆ ಈ ಸಂಕಟ ಅರ್ಥವಾದೀತು. ಅರವತ್ತು ದಾಟಿದ್ದ ಆತ ಅಂಗರಚನೆಯ ಮಹಾಗ್ರಂಥದ ಕೊನೆಯ ಭಾಗಗಳನ್ನು ಮತ್ತೆ ಕೂತು ಬರೆದ. ಆ ಗ್ರಂಥದ ಹದಿನೈದು ಭಾಗಗಳಲ್ಲಿ ಒಂಬತ್ತನೆಯದರ ನಡುವಿನಿಂದ ಮುಂದಿನದು ಗ್ರೀಕ್‌ನಲ್ಲಿ ಈಗ ಇಲ್ಲ. ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್‌ನ ಬಳಗ ಒಂಬತ್ತನೇ ಶತಮಾನದಲ್ಲಿ ಮಾಡಿದ ಅರೇಬಿಕ್ ಅನುವಾದದಲ್ಲಿ ಮಾತ್ರ ಅದು ಉಳಿದಿದೆ. ಧ್ವನಿಪೆಟ್ಟಿಗೆಯ ಅಧ್ಯಾಯ ಇರುವುದೂ ಅದರಲ್ಲೇ.