ಗಂಗಾಮೂಲದ ಮಗಳು ಪಂಡಿತಾ ರಮಾಬಾಯಿ

ಹೊನ್ನಾಳಿಯ ಬದಿಯಲ್ಲಿ ಹರಿಯುವ ತುಂಗಭದ್ರೆಯನ್ನು ನಾವೆಲ್ಲರೂ ಬಲ್ಲೆವು. ಆ ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅದೇ ಕಾಡಿನ ಆಶ್ರಮವೊಂದರಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಹೆಣ್ಣುಮಗು ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದರು.

ತಂದೆ ಕಾರ್ಕಳ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಗೆ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ಕಸಿದುಕೊಂಡಿತು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದಾಗ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಕೈಹಿಡಿದ ವಕೀಲ ಪತಿಯನ್ನು 1882ರಲ್ಲಿ ಕಾಲರಾ ಒಯ್ದಿತು. ಇಪ್ಪತ್ತಮೂರರ ವಿಧವೆಯ ಮಡಿಲಲ್ಲಿ ಉಳಿದದ್ದು ಮಗಳು ಮನೋರಮಾ ಒಬ್ಬಳೇ.

ಆದರೂ ಆಕೆ ಮೂಲೆ ಸೇರಲಿಲ್ಲ. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರು, ಮಹಿಳಾ ಇನ್ಸ್‌ಪೆಕ್ಟರುಗಳು, ರೋಗಿ ಹೆಂಗಸರಿಗೆ ಲೇಡಿ ಡಾಕ್ಟರುಗಳು ಬೇಕೆಂದು ಕೇಳಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಕೆಟ್ಟವರೆಂದು ಲೋಕ ದೂರವಿಟ್ಟ ಹೆಂಗಸರನ್ನು ಅಲ್ಲಿನ ಭಗಿನಿಯರು ಪ್ರೀತಿಯಿಂದ ಆರೈಕೆ ಮಾಡುವುದನ್ನು ಕಂಡು ಬೆರಗಾಗಿ ಕಾರಣ ಕೇಳಿದರು. ಉತ್ತರವಾಗಿ ಒಬ್ಬ ಭಗಿನಿ ಶುಭಸಂದೇಶ ತೆರೆದು, ಯೇಸುಸ್ವಾಮಿ ಸಮಾರಿಯದ ಸ್ತ್ರೀಯನ್ನು ಕಂಡ ಪ್ರಸಂಗವನ್ನು ಓದಿದರು. ಆ ವರ್ಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರು.

ಬಾಲ್ಯದಲ್ಲೇ ಮದುವೆಯಾಗಿದ್ದ ರುಕ್ಮಾಬಾಯಿ ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಸೆರೆಮನೆ ಸೇರಬೇಕೆಂದು 1887ರಲ್ಲಿ ಬೊಂಬಾಯಿ ಕೋರ್ಟು ಆಜ್ಞೆ ಮಾಡಿತು. ಈ ಅನ್ಯಾಯವನ್ನು ರಮಾಬಾಯಿ ತಮ್ಮ ಪುಸ್ತಕದಲ್ಲಿ ಲೋಕಕ್ಕೆಲ್ಲ ತಿಳಿಸಿದರು. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸು 1891ರ ಕಾನೂನಿನಿಂದ ಹತ್ತರಿಂದ ಹನ್ನೆರಡಕ್ಕೆ ಏರಿತು. ಎಷ್ಟು ಸಣ್ಣ ಹೆಜ್ಜೆ! ಅದಕ್ಕೂ ಎಷ್ಟು ವಿರೋಧ!

1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1897ರ ಪ್ಲೇಗಿನಲ್ಲಿ ಪುಣೆಯ ಸರ್ಕಾರಿ ಶಿಬಿರಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಪತ್ರಿಕೆಗೆ ಬಹಿರಂಗವಾಗಿ ಬರೆದರು. ಆಳುವವರೂ ತಮ್ಮಂತೆಯೇ ಕ್ರೈಸ್ತರೆಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ಬರಗಾಲದಲ್ಲಿ ಅನಾಥರಾದ ನೂರಾರು ಬಾಲಕಿಯರನ್ನು ಕರೆತಂದು ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಸಾಕಿ, ಓದು ಕಲಿಸಿ, ಕೈಕಸುಬು ಕೊಟ್ಟರು. 1922ರ ಏಪ್ರಿಲ್ 5ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ಕ್ರೈಸ್ತಬಂಧುಗಳೇ, ಹಸಿದವಳಿಗೆ ಅನ್ನ ಕೊಡುವುದು ದಯೆ. ಅವಳನ್ನು ಹಸಿವಿಗೆ ದೂಡಿದ ಕಟ್ಟಳೆಯನ್ನು ತಿದ್ದುವುದು ನ್ಯಾಯ. ರಮಾಬಾಯಿ ಎರಡನ್ನೂ ಮಾಡಿದರು. ಇಂದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಿದೆ, 2012ರ ಪೋಕ್ಸೊ ಕಾಯಿದೆಯಿದೆ, ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಪಕ್ಕದ ಮನೆಯವರು ಬಾಯಿ ಬಿಡದಿದ್ದರೆ ಪೊಲೀಸರಿಗೆ ತಿಳಿಯುವುದಾದರೂ ಹೇಗೆ? ಚನ್ನಗಿರಿಯಾಗಲಿ, ನ್ಯಾಮತಿಯಾಗಲಿ, ಜಗಳೂರಾಗಲಿ, ಶಾಲೆ ಬಿಡಿಸಿ ಹಸೆಮಣೆಗೆ ಕೂರಿಸಲಿರುವ ಹುಡುಗಿಯ ಸುದ್ದಿ ಕಿವಿಗೆ ಬಿದ್ದರೆ ನಮಗೇಕೆಂದು ಸುಮ್ಮನಿರಬೇಡಿ. ಆ ಮಗುವಿಗಾಗಿ ಜಪಸರ ಹಿಡಿಯಿರಿ, ಫೋನನ್ನೂ ಹಿಡಿಯಿರಿ.