ಕಾಫಿಪುಡಿ ಸಾಕಮ್ಮನವರು

ಮಕ್ಕಳೇ, ನಮ್ಮ ಕನ್ನಡ ಕೂಟದ ಯುಗಾದಿಯ ಊಟ ಮುಗಿದು ಎಲೆ ಎತ್ತಿದ ಮೇಲೆ, ಹಿರಿಯರೆಲ್ಲರೂ ಸಭಾಂಗಣದ ಒಂದು ಮೂಲೆಗೆ ಸರಿದು, ಫಿಲ್ಟರಿನಿಂದ ತೊಟ್ಟುತೊಟ್ಟಾಗಿ ಇಳಿದ ಡಿಕಾಕ್ಷನ್ನಿಗೆ ಬಿಸಿಹಾಲು ಬೆರೆಸಿಕೊಂಡು, ಲೋಟವನ್ನು ಎರಡು ಕೈಗಳಲ್ಲಿ ಹಿಡಿದು ಮಾತಿಗೆ ಕುಳಿತುಕೊಳ್ಳುವುದನ್ನು ನೀವು ನೋಡಿಯೇ ಇದ್ದೀರಿ. ಆ ಲೋಟದೊಳಗಿನ ಪರಿಮಳ ಹುಟ್ಟಿದುದು ಬೆಟ್ಟದ ನಾಡೊಂದರಲ್ಲಿ. ಆ ನಾಡಿನ ತೋಟದ ಬೀಜವನ್ನು ಪೇಟೆಯ ಸಂಸಾರಗಳ ಅಡಿಗೆಮನೆಯವರೆಗೂ ತಾವೇ ಮುಂದೆ ನಿಂತು ತಲುಪಿಸಿದ ತಾಯಿಯೊಬ್ಬರು ಸುಮಾರು ನೂರು ವರ್ಷಗಳ ಹಿಂದೆ ಇದ್ದರು. ಅವರ ಹೆಸರು ದೊಡ್ಡಮನೆ ಸಾಕಮ್ಮ.

ಸಾಕಮ್ಮನವರು 1880ರಲ್ಲಿ ತುಮಕೂರು ಸೀಮೆಯ ಬಿದರೆ ಎಂಬ ಗ್ರಾಮದಲ್ಲಿ ಜನಿಸಿದರು. ತೌರುಮನೆ ಬಡತನದ್ದು, ಜೀವನೋಪಾಯವನ್ನರಸಿ ಆ ಕುಟುಂಬವು ಬೆಂಗಳೂರಿಗೆ ಬಂದಿತು. ಹೆಣ್ಣುಮಕ್ಕಳನ್ನು ಓದಿಗೆ ಹಚ್ಚುವುದು ಅಪರೂಪವಾಗಿದ್ದ ಆ ದಿನಗಳಲ್ಲಿ ಆಕೆಗೆ ವಿದ್ಯಾಭ್ಯಾಸ ದೊರೆತುದು ಮುಂದಿನ ಸಕಲಕ್ಕೂ ಮೂಲವಾಯಿತೆಂದು ನನ್ನ ನಂಬಿಕೆ. ಲೆಕ್ಕದ ಪುಸ್ತಕವನ್ನು ತಾನೇ ಓದಬಲ್ಲವಳನ್ನು ವಂಚಿಸುವುದು ಸುಲಭವಲ್ಲ. ಹದಿನಾರರ ಆಸುಪಾಸಿನ ವಯಸ್ಸಿನಲ್ಲಿ ಕೊಡಗಿನ ಶ್ರೀಮಂತ ಕಾಫಿ ಬೆಳೆಗಾರರಾದ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರೊಡನೆ, ಅವರ ಮೂರನೆಯ ಪತ್ನಿಯಾಗಿ, ವಿವಾಹವಾಯಿತು. ಅನತಿಕಾಲದಲ್ಲಿಯೇ ಪತಿಯು ತೀರಿಕೊಂಡರು; ಅವರ ಹಿಂದೆಯೇ ಹಿರಿಯ ಪತ್ನಿಯರಿಬ್ಬರೂ ಕಾಲವಶರಾದರು. ಇಂದಿನ ಕಾಲೇಜು ವಿದ್ಯಾರ್ಥಿನಿಯ ವಯಸ್ಸಿನ ಹೆಣ್ಣುಮಗಳ ಕೈಯಲ್ಲಿ ಒಂದು ವಿಸ್ತಾರವಾದ ತೋಟ, ಅದರ ಆಳುಕಾಳು, ಅದರ ಆದಾಯವೆಚ್ಚ ಉಳಿದುವು.

ಆ ತೋಟವೆಂದರೆ ಏನೆಂಬುದನ್ನು ನಿಮಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನೀವಿರುವ ನಾಡಿನ ಹೊಲಗಳಂತೆ ಅದು ಕಣ್ಣು ಹಾಯುವಷ್ಟು ದೂರ ಬಯಲಾಗಿ ಹರಡಿರುವುದಿಲ್ಲ. ಕೊಡಗಿನಲ್ಲಿ ಕಣಿವೆಯ ತಗ್ಗಿಗೆ ಭತ್ತದ ಗದ್ದೆ, ಮನೆಯ ಹಿಂದೆ ಕೊಟ್ಟಿಗೆ, ಅಂಗಳದಲ್ಲಿ ಕೆದಕಿ ತಿನ್ನುವ ಊರುಕೋಳಿ, ಬೇಲಿಯ ಬಳಿ ಕಿತ್ತಳೆ. ಇವು ಬಹುತೇಕ ಮನೆಯ ಅವಶ್ಯಕತೆಗೆ. ಇವುಗಳ ಮೇಲಣ ಇಳಿಜಾರಿನಲ್ಲಿ ಹಲಸು, ಅತ್ತಿ ಮೊದಲಾದ ದೊಡ್ಡ ಮರಗಳ ನೆರಳಿನ ಕೆಳಗೆ ಬೆಳೆಯುವ ಕಾಫಿಯೇ ಮುಖ್ಯವಾಗಿ ಪೇಟೆಗೆ ಹೋಗುವ ಬೆಳೆ. ನೆರಳು ಹೆಚ್ಚಾದರೆ ಗಿಡ ಫಲಿಸದು. ಕಡಮೆಯಾದರೆ ಬಿಸಿಲಿಗೆ ಬಾಡಿ, ಕಾಂಡ ಕೊರೆಯುವ ಹುಳುವಿಗೆ ಆಹಾರವಾಗುವುದು. ಆದುದರಿಂದ ಮರಗಸಿ ಮಾಡುವವನು ಯಾವ ಕೊಂಬೆಯನ್ನು ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಯಜಮಾನಿಯು ಪ್ರತಿವರ್ಷವೂ ನಿಂತು ನೋಡಿ ಹೇಳಬೇಕಾಗುತ್ತದೆ.

ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಬೀಳುವ ಹೂಮಳೆಗಾಗಿ ಬೆಳೆಗಾರನು ಆಕಾಶವನ್ನು ನೋಡುವ ರೀತಿಯನ್ನು ನೀವು ಒಮ್ಮೆ ಕಣ್ಣಾರೆ ಕಾಣಬೇಕು. ಆ ಮಳೆ ಬಿದ್ದ ಎಂಟು ಹತ್ತು ದಿನಗಳಿಗೆ, ಅದುವರೆಗೆ ಹಸುರೊಂದನ್ನೇ ಬಲ್ಲ ತೋಟವು ರಾತ್ರಿ ಕಳೆದು ಬೆಳಗಾಗುವುದರೊಳಗೆ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಸುಗಂಧವನ್ನು ಕಣಿವೆಯೆಲ್ಲ ಬೀರುವುದು. ಅದರ ಆಯುಷ್ಯ ಎರಡು ಮೂರು ದಿನ. ಅನಂತರ ಸಕಾಲದಲ್ಲಿ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ವರ್ಷದ ದುಡಿಮೆಯೆಲ್ಲ ವ್ಯರ್ಥ. ಕಾಯಿ ಕಚ್ಚಿದರೆ, ಮುಂಗಾರನ್ನು ದಾಟಿ, ನವೆಂಬರಿನಿಂದ ಮೊದಲುಗೊಂಡು ಕೆಂಪು ಹಣ್ಣಿನ ಕೊಯ್ಲು. ಸಿಪ್ಪೆ ಬಿಡಿಸುವುದು, ತೊಳೆಯುವುದು, ಕಣದಲ್ಲಿ ಹರಡಿ ದಿನವೆಲ್ಲ ಕೈಯಾಡಿಸಿ ಒಣಗಿಸುವುದು. ಹೀಗೆ ಆಕಾಶದ ಕೃಪೆಯನ್ನೂ ನೂರಾರು ಕೈಗಳ ಶ್ರಮವನ್ನೂ ಒಂದು ಲೆಕ್ಕಕ್ಕೆ ತರಬೇಕಾದ ಕಾರ್ಯವನ್ನು, ಮನೆಯಲ್ಲಿ ಹಿರಿಯರೊಬ್ಬರೂ ಇಲ್ಲದ ಆ ತರುಣಿ, ವಿಧವೆಯು ಹೊಸಿಲು ದಾಟುವುದೇ ತಪ್ಪೆಂದು ತಿಳಿದಿದ್ದ ಸಮಾಜದ ನಡುವೆ, ಕೈಗೆತ್ತಿಕೊಂಡು ನಿರ್ವಹಿಸಿ, ಅಭಿವೃದ್ಧಿಗೂ ತಂದರು.

ಇಷ್ಟಕ್ಕೇ ನಿಂತಿದ್ದರೆ ಸಾಕಮ್ಮನವರು ಕೊಡಗಿನ ಒಬ್ಬ ಸಮರ್ಥ ಬೆಳೆಗಾರ್ತಿಯೆನಿಸಿಕೊಂಡು ಬಿಡುತ್ತಿದ್ದರು. ಆಗಿನ ಬೆಳೆಗಾರನ ವ್ಯವಹಾರವು ಸಾಮಾನ್ಯವಾಗಿ ಒಣಗಿದ ಬೀಜದೊಡನೆ ಮುಗಿಯುತ್ತಿದ್ದಿತು. ಮೂಟೆಗಳು ಗಾಡಿಯೇರಿ ಘಟ್ಟವನ್ನಿಳಿದು ಮಂಗಳೂರು, ತಲಚೇರಿಗಳ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರಿ, ಅಲ್ಲಿಂದ ಹಡಗಿನಲ್ಲಿ ಪರದೇಶಕ್ಕೆ ಹೋಗುತ್ತಿದ್ದುವು. ಬೆಲೆಯನ್ನು ಕಟ್ಟುತ್ತಿದ್ದವನು ದೂರದ ವರ್ತಕ. ಬೆಳೆದವಳೇ ಹುರಿದು, ಪುಡಿ ಮಾಡಿ, ಕುಡಿಯುವವರ ಮನೆಯ ಬಾಗಿಲಿಗೆ ಮಾರಬಾರದೇಕೆ ಎಂದು ಸಾಕಮ್ಮನವರು ಕೇಳಿಕೊಂಡಿರಬೇಕು. 1920ರ ದಶಕದಲ್ಲಿ ಅವರು ಬೆಂಗಳೂರಿಗೆ ಬಂದು, ಕಾಫಿಯನ್ನು ಹುರಿದು ಪುಡಿ ಮಾಡುವ ‘ಸಾಕಮ್ಮಾಸ್ ಕಾಫಿ ವರ್ಕ್ಸ್’ ಎಂಬ ಉದ್ಯಮವನ್ನು ಸ್ಥಾಪಿಸಿದರು. ಕಾಫಿ ಕುಡಿಯುವುದು ದುರಭ್ಯಾಸವೆಂದು ಹಿರಿಯರು ಇನ್ನೂ ಗೊಣಗುತ್ತಿದ್ದ ಕಾಲವದು. ಆದರೂ ಊರಿನ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸವು ಒಲೆಯ ಮೇಲೆ ಕಾಫಿಯ ನೀರಿಡುವುದೇ ಎಂಬಂತಾಗುತ್ತಿದ್ದಿತು. ಆ ಮಾರ್ಪಾಡನ್ನು ಅವರು ಸಕಾಲದಲ್ಲಿ ಕಂಡರು. ಮುಂದೆ 1930ರ ದಶಕದ ಜಗದ್ವ್ಯಾಪಿ ಮುಗ್ಗಟ್ಟಿನಲ್ಲಿ ರಫ್ತಿನ ಬೆಲೆ ಕುಸಿದಾಗ, ನಮ್ಮ ಜನವೇ ಕಾಫಿ ಕುಡಿಯುವಂತಾಗಬೇಕೆಂದು ಸರ್ಕಾರವೂ ಬೆಳೆಗಾರರೂ ಯೋಚಿಸತೊಡಗಿದರು. 1942ರಲ್ಲಿ ಶಾಸನಬದ್ಧವಾದ ಕಾಫಿ ಬೋರ್ಡಿನ ಕಾಲದವರೆಗೂ ನಡೆದುಬಂದ ಆ ಆಲೋಚನೆಯನ್ನು ಸಾಕಮ್ಮನವರು ಅದಕ್ಕೂ ಮೊದಲೇ ಆಚರಿಸಿ ತೋರಿಸಿದ್ದರು.

ಗಳಿಸಿದುದರಲ್ಲಿ ಒಂದು ಭಾಗವು ಪರೋಪಕಾರಕ್ಕೆ ಸಂದಿತು. ತಮ್ಮ ಕುರುಹಿನಶೆಟ್ಟಿ ಸಮಾಜದ ಹಳ್ಳಿಗಾಡಿನ ಹುಡುಗರು ಓದಲು ಬೆಂಗಳೂರಿಗೆ ಬಂದು, ತಂಗಲು ಜಾಗವಿಲ್ಲದೆ ಹಿಂದಿರುಗಬಾರದೆಂದು, ಬಸವನಗುಡಿಯ ಕಡೆ ವಿದ್ಯಾರ್ಥಿನಿಲಯವೊಂದಕ್ಕೆ ಆಶ್ರಯವಾದರು. ಬಾಲ್ಯದಲ್ಲಿ ತಾವೇ ಹೊಟ್ಟೆಪಾಡಿಗಾಗಿ ಅದೇ ಊರಿಗೆ ಬಂದುದನ್ನು ಅವರು ಮರೆಯಲಿಲ್ಲವೆಂದು ನಾನು ಭಾವಿಸುತ್ತೇನೆ. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ನಾಮನಿರ್ದೇಶನಗೊಂಡ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಮೈಸೂರಿನ ದೊರೆಗಳಾದ ನಾಲ್ವಡಿ ಕೃಷ್ಣರಾಜ ಒಡೆಯರು ‘ಲೋಕಸೇವಾಪರಾಯಣೆ’ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ನೀಡಿತು. ಬೆಂಗಳೂರಿನ ಜನರು ಮಾತ್ರ ಇವೆರಡನ್ನೂ ಬದಿಗಿಟ್ಟು ‘ಕಾಫಿಪುಡಿ ಸಾಕಮ್ಮ’ ಎಂದೇ ಕರೆದರು. ದೊರೆಯಿತ್ತ ಹೆಸರಿಗಿಂತ ಇದೇ ನನಗೆ ಹೆಚ್ಚು ಪ್ರಿಯವಾದುದು. ಪುಡಿಯ ಪೊಟ್ಟಣವನ್ನು ಮನೆಗೊಯ್ದವರ ಬಾಯಿಂದ ಬಂದುದು ಅದು. ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಎಂಬ ಪ್ರದೇಶವು ಇಂದಿಗೂ ಇದೆ. ರಜೆಗೆ ಊರಿಗೆ ಹೋದಾಗ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ ನೋಡಿ ಬನ್ನಿ.

ಇನ್ನೊಂದು ಸಂಗತಿಯನ್ನು ಹೇಳಿ ಬಿಡುತ್ತೇನೆ. ಸಾಕಮ್ಮನವರ ಜೀವಮಾನದಲ್ಲಿ ಅವರ ತೋಟವಿದ್ದ ಕೊಡಗು ಬೇರೆ, ಅವರ ಅಂಗಡಿಯಿದ್ದ ಬೆಂಗಳೂರು ಬೇರೆ. 1834ರಲ್ಲಿ ಹಾಲೇರಿ ದೊರೆಗಳಿಂದ ಇಂಗ್ಲಿಷರ ಕೈಸೇರಿದ ಕೊಡಗಿಗೆ ಚೀಫ್ ಕಮಿಷನರರ ಆಡಳಿತ. ಬೆಂಗಳೂರಿಗೆ ಮೈಸೂರು ಮಹಾರಾಜರದು. ಫ್ರೇಸರ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಕುಶಾಲನಗರದಲ್ಲಿ ಕಾವೇರಿಯ ಸೇತುವೆಯನ್ನು ದಾಟಿದೊಡನೆ ಮತ್ತೊಂದು ಸರ್ಕಾರದ ಸೀಮೆ. ಆಚೆಯ ದಡದಲ್ಲಿ ಬೆಳೆಗಾರ್ತಿಯೂ ಈಚೆಯ ದಡದಲ್ಲಿ ವ್ಯಾಪಾರಿಯೂ ಪ್ರಜಾಪ್ರತಿನಿಧಿಯೂ ಆಗಿ ಬಾಳಿದ ಅವರು 1950ರಲ್ಲಿ ನಿಧನರಾದರು. ನೀವು ಪ್ರತಿವರ್ಷವೂ ಬಾವುಟ ಹಿಡಿದು ಹಾಡಿ ಕುಣಿಯುವ ರಾಜ್ಯೋತ್ಸವದ ದಿನ, 1956ರ ನವೆಂಬರ್ 1ರಂದು, ಆ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದುವು.